ಕೋಟೆಯೊಳಗಿನ ಎರಡು ಕಿತ್ತೂರು

ಯಾವುದೇ ರಾಜ್ಯ ಯುದ್ಧಕ್ಕೆ ಯಾವಾಗ ಇಳಿಯುತ್ತದೆ, ಯಾವ ಹಂತದಲ್ಲಿ ಸಂಧಾನಕ್ಕೆ ಮನಸ್ಸು ಮಾಡುತ್ತದೆ, ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಎದುರಾಳಿಯ ಬಲಾಬಲ ಒಂದೇ ನಿರ್ಧರಿಸುವುದಿಲ್ಲ. ಯುದ್ಧ ಮುಗಿದ ಮೇಲೆ ತಮ್ಮ ಜಮೀನು, ಹುದ್ದೆ, ಮಾನ ಏನಾದೀತು ಎಂಬ ಲೆಕ್ಕವನ್ನು ಆ ರಾಜ್ಯದೊಳಗಿನ ಒಂದೊಂದು ಬಣವೂ ತನ್ನಷ್ಟಕ್ಕೆ ಹಾಕುತ್ತಿರುತ್ತದೆ, ಆ ಲೆಕ್ಕಗಳ ಎಳೆದಾಟದಿಂದಲೇ ರಣರಂಗದ ಎಷ್ಟೋ ನಡೆಗಳು ಹುಟ್ಟುತ್ತವೆ. ಬಣ ಎಂದರೆ ಇಲ್ಲಿ ಕೇವಲ ಜಗಳಗಂಟರ ಗುಂಪಲ್ಲ. ಒಂದೇ ಆಳ್ವಿಕೆಯ ಕೆಳಗಿದ್ದೂ ಬೇರೆ ಬೇರೆ ಆದಾಯ, ಬೇರೆ ಬೇರೆ ಆಶ್ರಯ, ಬೇರೆ ಬೇರೆ ಭಯಗಳನ್ನು ಇಟ್ಟುಕೊಂಡಿರುವ ಜನವರ್ಗ. ಈ ಮಾತನ್ನು ಪರೀಕ್ಷಿಸಲು ಹುಬ್ಬಳ್ಳಿ-ಧಾರವಾಡದ ಓದುಗರು ದೂರದ ದೇಶಗಳ ಇತಿಹಾಸಕ್ಕೆ ಹೋಗಬೇಕಿಲ್ಲ. ಧಾರವಾಡದಿಂದ ಪುಣೆಯ ಹೆದ್ದಾರಿ ಹಿಡಿದರೆ ಒಂದು ತಾಸಿನೊಳಗೆ ಸಿಗುವ ಕಿತ್ತೂರಿನ 1824ರ ಯುದ್ಧ ಇದಕ್ಕೆ ಬಹು ಸ್ಪಷ್ಟವಾದ ಉದಾಹರಣೆ. ಆದರೆ ಆ ಯುದ್ಧವನ್ನು ಶೌರ್ಯ ಮತ್ತು ದ್ರೋಹ ಎಂಬ ಎರಡೇ ಮಾತುಗಳಲ್ಲಿ ಹೇಳಿ ಮುಗಿಸುವ ರೂಢಿ ಬೆಳೆದಿರುವುದರಿಂದ, ಕೋಟೆಯೊಳಗಿನ ರಾಜಕಾರಣ ಬಹುಮಟ್ಟಿಗೆ ಮರೆಗೆ ಸರಿದಿದೆ.

ಕಿತ್ತೂರು ದೇಸಗತಿಯಾಗಿತ್ತು. ದೇಸಗತಿ ಎಂದರೆ ಮೇಲಿನ ಅರಸೊತ್ತಿಗೆಗೆ ಕಪ್ಪ ಸಲ್ಲಿಸಿ, ತನ್ನ ಸೀಮೆಯ ಕಂದಾಯ ಎತ್ತಿ, ತನ್ನದೇ ದಂಡು ಇಟ್ಟುಕೊಂಡು ಆಳುವ ವಂಶಪಾರಂಪರ್ಯದ ಅಧಿಕಾರ. ಇಂಥ ಸಂಸ್ಥಾನಕ್ಕೆ ಮೇಲಿನ ಅರಸು ಯಾರು ಎಂಬ ಪ್ರಶ್ನೆಯೇ ಒಳರಾಜಕಾರಣದ ಮೊದಲ ಪ್ರಶ್ನೆಯಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಿತ್ತೂರು ಶ್ರೀರಂಗಪಟ್ಟಣ ಮತ್ತು ಪುಣೆಗಳ ನಡುವೆ ಸಿಕ್ಕಿ ನಲುಗಿತು. ದೇಸಾಯಿ ಮಲ್ಲಸರ್ಜ ಮೊದಲು ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದನು, ಮುಂದೆ ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಪುಣೆಯಲ್ಲಿ ಬಂಧನದಲ್ಲಿದ್ದು, ಬಿಡುಗಡೆಯಾದಾಗ ಆರೋಗ್ಯ ಪೂರ್ತಿ ಕೆಟ್ಟಿದ್ದರಿಂದ 1816ರಲ್ಲಿ ತೀರಿಕೊಂಡನು. ಒಬ್ಬನೇ ಅರಸು ಎರಡು ಹೊರಶಕ್ತಿಗಳ ಸೆರೆಮನೆ ಕಂಡ ಸಂಸ್ಥಾನದಲ್ಲಿ ಯಾರ ಕಡೆ ವಾಲಿದರೆ ಉಳಿದೇವು ಎಂಬ ಚರ್ಚೆ ವಾಡೆಯ ಒಳಕೋಣೆಯವರೆಗೆ ಹಬ್ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮಲ್ಲಸರ್ಜನ ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದಾಗ ಈ ಚರ್ಚೆಗೆ ಒಂದು ಉತ್ತರ ದೊರೆಯಿತು. 1818ರಲ್ಲಿ ಪೇಶ್ವೆಯ ಅಧಿಕಾರ ಕುಸಿಯುತ್ತಿದ್ದಾಗ ಅವನು ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಥಾಮಸ್ ಮನ್ರೋನ ಪಕ್ಷ ಹಿಡಿದು ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಕಂಪನಿ ಸರ್ಕಾರಕ್ಕೆ ನೆರವಾದನು. ಅದಕ್ಕೆ ಪ್ರತಿಯಾಗಿ, ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ರೂಪಾಯಿ ಕಪ್ಪದ ಕರಾರಿನ ಮೇಲೆ ಸಂಸ್ಥಾನ ಅವನ ಕೈಯಲ್ಲಿ ಉಳಿಯಿತು. ತಂದೆಯನ್ನು ಪುಣೆಯ ಸೆರೆಯಿಂದಾಗಿ ಕಳೆದುಕೊಂಡ ಮಗನಿಗೆ ಆ ದಾರಿ ಸಹಜವಾಗಿಯೇ ತೋರಿರಬೇಕು. ಆದರೆ ಅದರ ಪರಿಣಾಮವಾಗಿ ಸಂಸ್ಥಾನದೊಳಗೆ ಒಂದು ಹೊಸ ವರ್ಗಕ್ಕೆ ಬೆಲೆ ಬಂದಿತು. ಕಂಪನಿಯ ಕಚೇರಿಯೊಂದಿಗೆ ಪತ್ರ ವ್ಯವಹಾರ ನಡೆಸಬಲ್ಲ, ಧಾರವಾಡದ ಕಲೆಕ್ಟರನ ಮನಸ್ಸು ಅರಿತು ಮಾತಾಡಬಲ್ಲ ಕಾರಭಾರಿಗಳ ವರ್ಗ ಅದು. ಇನ್ನೊಂದೆಡೆ, ಸೇನಾಬಲವನ್ನೇ ನಂಬಿದ್ದ ಸರದಾರ ಗುರುಸಿದ್ದಪ್ಪನಂಥವರಿಗೂ, ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮನಿಗೂ ಈ ಹೊಸ ನಂಟು ಹಿತವೆನಿಸುವಂತಿರಲಿಲ್ಲ. ಹೀಗೆ, ಧಾರವಾಡದತ್ತ ಮುಖ ಮಾಡಿದ ಕಿತ್ತೂರು ಒಂದು, ಕೋಟೆಯ ಹುಡೇವನ್ನೇ ನೆಚ್ಚಿಕೊಂಡ ಕಿತ್ತೂರು ಇನ್ನೊಂದು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಸತ್ತನು. ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದ ಸಂಗತಿ ಪತ್ರದ ಮೂಲಕ ಧಾರವಾಡ ತಲುಪಿತಾದರೂ, ಅಲ್ಲಿ ಪ್ರಿನ್ಸಿಪಲ್ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಅದನ್ನು ಶಂಕಿಸಿದನು, ದತ್ತಕವನ್ನು ಒಪ್ಪಲಿಲ್ಲ. ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಅವನು ಮಲ್ಲಪ್ಪಶೆಟ್ಟಿ ಮತ್ತು ಹಾವೇರಿ ವೆಂಕಟರಾಯ ಎಂಬ ಕಾರಭಾರಿಗಳನ್ನು ನೇಮಿಸಿ, ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ಲಾವಣಿ, ನಾಟಕ, ಮುಂದೆ 1961ರ ಚಲನಚಿತ್ರದ ಮೂಲಕ ಈ ಇಬ್ಬರು ನಾಡದ್ರೋಹಿಗಳೆಂದು ಜನಮನದಲ್ಲಿ ನಿಂತುಹೋಗಿದ್ದಾರೆ. ಅವರ ಕೃತ್ಯ ಕಿತ್ತೂರಿಗೆ ಕೇಡು ಮಾಡಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರಿಗೆ ಆ ಜಾಗ ಸಿಕ್ಕಿದ್ದು 1818ರಲ್ಲಿ ಸ್ವತಃ ದೇಸಾಯಿಯೇ ಹಿಡಿದ ನೀತಿಯಿಂದ. ಆರು ವರ್ಷ ಸಂಸ್ಥಾನದ ಅಧಿಕೃತ ನೀತಿಯಾಗಿದ್ದ ಕಂಪನಿಯ ಸ್ನೇಹ, ಅರಸನ ಸಾವಿನ ಮರುದಿನದಿಂದ ದ್ರೋಹ ಎನಿಸಿಕೊಂಡಿತು. ಒಳಬಿರುಕಿನ ಸ್ವರೂಪವೇ ಹಾಗೆ. ಶಾಂತಿಯ ಕಾಲದಲ್ಲಿ ಅದು ಅಭಿಪ್ರಾಯಭೇದವಾಗಿರುತ್ತದೆ, ಉತ್ತರಾಧಿಕಾರದ ಪ್ರಶ್ನೆ ಎದ್ದೊಡನೆ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ದತ್ತಕ ಒಪ್ಪದೆ ಬೊಕ್ಕಸಕ್ಕೆ ಕೈಹಾಕಿದ್ದರಿಂದ, ಅಲ್ಲಿಯವರೆಗೆ ಅಳುಕುತ್ತಿದ್ದವರೂ ಚೆನ್ನಮ್ಮನ ಪಕ್ಷಕ್ಕೆ ಬಂದರು. ಅಕ್ಟೋಬರ್ 23ರ ಬೆಳಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು; ಹೊರಗೆ ಕಂಪನಿಯ ತೋಪುಗಳು ಆ ಬಾಗಿಲಿಗೆ ಗುರಿಯಿಟ್ಟು ನಿಂತಿದ್ದವು; ತೆರೆಯದಿದ್ದರೆ ಸಿಡಿಸುವುದಾಗಿ ಎಚ್ಚರಿಕೆ ಹೋಗಿತ್ತು. ಸಿಡಿಸುವ ಮುನ್ನವೇ ಬಾಗಿಲು ಒಳಗಿನಿಂದ ತೆರೆಯಿತು, ಕಿತ್ತೂರಿನ ದಂಡು ಹೊಳೆಯಂತೆ ಹೊರಬಿದ್ದಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನು, ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಸತ್ತರು; ಥ್ಯಾಕರೆಯ ಕೈಕೆಳಗಿನ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು. ಒಂದು ಜಿಲ್ಲೆಯ ಕಲೆಕ್ಟರನೇ ರಣದಲ್ಲಿ ಬಿದ್ದದ್ದು ಕಂಪನಿ ಸರ್ಕಾರ ಸುಲಭಕ್ಕೆ ನುಂಗಿಕೊಳ್ಳುವ ಸಂಗತಿಯಾಗಿರಲಿಲ್ಲ.

ಆ ದಿನದಿಂದ ಡಿಸೆಂಬರಿನ ಮುತ್ತಿಗೆಯವರೆಗಿನ ಆರು ವಾರಗಳನ್ನು ವಿಜಯ ಮತ್ತು ಸೋಲುಗಳ ನಡುವಿನ ಖಾಲಿ ಜಾಗವೆಂಬಂತೆ ದಾಟಿಹೋಗುವುದು ರೂಢಿ. ವಾಸ್ತವದಲ್ಲಿ ಕಿತ್ತೂರಿನ ರಾಜಕೀಯ ನಡವಳಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಅವಧಿಯಲ್ಲೇ. ಒಂದು ಕಡೆ ಯುದ್ಧದ ಸಿದ್ಧತೆ ನಡೆದಿತ್ತು, ಇನ್ನೊಂದು ಕಡೆ ದಖನ್ನಿನ ಕಮಿಷನರ್ ಆಗಿದ್ದ ವಿಲಿಯಂ ಚಾಪ್ಲಿನ್‌ನಿಗೂ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ನಿಗೂ ರಾಣಿಯ ಕಡೆಯಿಂದ ಸಂಧಾನದ ಪತ್ರಗಳು ಹೋಗುತ್ತಿದ್ದವು. ಸೆರೆಯಾಳುಗಳಿಗೆ ಕೇಡು ಆಗಲಿಲ್ಲ. ಕೊನೆಗೆ ಡಿಸೆಂಬರ್ ಆರಂಭದಲ್ಲಿ, ಒಪ್ಪಂದವಾದೀತೆಂಬ ನಿರೀಕ್ಷೆಯಲ್ಲಿ ಅವರನ್ನು ಬಿಟ್ಟುಕೊಡಲಾಯಿತು. ಯುದ್ಧತಂತ್ರದ ದೃಷ್ಟಿಯಿಂದ ನೋಡಿದರೆ ಕೈಯಲ್ಲಿದ್ದ ಒತ್ತೆಯನ್ನು ಬಿಟ್ಟದ್ದು ದೊಡ್ಡ ತಪ್ಪು. ಆದರೆ ಅಂತರರಾಷ್ಟ್ರೀಯ ರಾಜಕಾರಣದ ವಿದ್ವಾಂಸ ರಾಬರ್ಟ್ ಪಟ್ನಮ್ 1988ರಲ್ಲಿ ವಿವರಿಸಿದ ಒಂದು ವಿಚಾರದ ಬೆಳಕಿನಲ್ಲಿ ಅದು ಅರ್ಥವಾಗುತ್ತದೆ. ಸಂಧಾನಕ್ಕೆ ಕೂಡುವ ಪ್ರತಿಯೊಬ್ಬ ನಾಯಕನೂ ಏಕಕಾಲಕ್ಕೆ ಎರಡು ಪಗಡೆಹಾಸಿನ ಮೇಲೆ ಆಡುತ್ತಿರುತ್ತಾನೆ, ಒಂದರಲ್ಲಿ ಎದುರಾಳಿ ಇರುತ್ತಾನೆ, ಇನ್ನೊಂದರಲ್ಲಿ ತನ್ನದೇ ಮನೆಯ ಜನ ಇರುತ್ತಾರೆ. ಒಂದು ಹಾಸಿನಲ್ಲಿ ಜಾಣತನವೆನಿಸುವ ನಡೆ ಇನ್ನೊಂದರಲ್ಲಿ ಆತ್ಮಘಾತವಾಗಬಹುದು ಎಂಬುದು ಅವರ ವಾದದ ತಿರುಳು. ಚೆನ್ನಮ್ಮನ ಮುಂದಿನ ಎರಡನೆಯ ಹಾಸು ಬಹಳ ಇಕ್ಕಟ್ಟಿನದಾಗಿತ್ತು. ಹಿರಿಯ ದೇಸಾಯಿಯ ವಿಧವೆಯಾದ ಅವಳು, ತೀರಿಹೋದ ದೇಸಾಯಿಯ ವಿಧವೆ ವೀರಮ್ಮನ ಮಡಿಲಿಗೆ ಬಂದ ದತ್ತುಮಗನ ಹೆಸರಿನಲ್ಲಿ ರಾಜ್ಯ ನಡೆಸಬೇಕಿತ್ತು, ಹುಡುಗನ ಹಕ್ಕಿಗೆ ಕಂಪನಿಯ ಒಪ್ಪಿಗೆ ಸಿಕ್ಕರೆ ಮಾತ್ರ ಅಳ್ಳೆದೆಯ ಜಮೀನುದಾರರು ಜೊತೆಗೆ ಉಳಿಯುತ್ತಿದ್ದರು. ಅದೇ ಹೊತ್ತಿಗೆ ಕಂಪನಿಗೆ ತೀರ ಬಾಗಿದರೆ ಥ್ಯಾಕರೆಯನ್ನು ಕೆಡವಿದ ಸರದಾರರು ತಮ್ಮ ತಲೆಯ ಚಿಂತೆಯಲ್ಲಿ ದೂರವಾಗುವ ಸಂಭವವಿತ್ತು. ಹೋರಾಟ ಮತ್ತು ಸಂಧಾನಗಳನ್ನು ಜೊತೆಜೊತೆಗೆ ನಡೆಸಿದ ಆಕೆಯ ನಡೆಯನ್ನು ಚಂಚಲತೆ ಎನ್ನುವುದು ಅನ್ಯಾಯ. ಆ ಎರಡೂ ಕಡೆಯವರನ್ನು ಒಂದೇ ಕೋಟೆಯಲ್ಲಿ ಹಿಡಿದಿಟ್ಟುಕೊಳ್ಳಲು ಆಕೆಗೆ ಬೇರೆ ದಾರಿ ಇರಲಿಲ್ಲ.

ಕಂಪನಿಯ ಪಾಳಯವೂ ಏಕಮನಸ್ಸಿನದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಳೆಯ ಜಹಗೀರುದಾರರನ್ನೂ ದೇಸಾಯಿಗಳನ್ನೂ ಉಳಿಸಿಕೊಂಡೇ ಆಳಬೇಕೆಂಬುದು ಎಲ್ಫಿನ್‌ಸ್ಟನ್ ಮತ್ತು ಮನ್ರೋರಂಥ ಹಿರಿಯರ ಒಲವು. ಕಂದಾಯ ನೇರವಾಗಿ ಸರ್ಕಾರಕ್ಕೆ ಬರಲಿ ಎಂಬ ಆತುರ ಇನ್ನು ಕೆಲವು ಅಧಿಕಾರಿಗಳದು. ದತ್ತಕದ ಬಗ್ಗೆ ಆಗಿನ್ನೂ ಖಚಿತ ನಿಯಮವಿರಲಿಲ್ಲ; ದತ್ತಕಕ್ಕೆ ಒಪ್ಪಿಗೆ ಕೊಡುವುದು ವಿಶೇಷ ಅನುಗ್ರಹವೇ ಹೊರತು ವಾಡಿಕೆಯ ಹಕ್ಕಲ್ಲ ಎಂದು ಲಂಡನ್ನಿನ ನಿರ್ದೇಶಕ ಮಂಡಳಿ ಹೇಳಿದ್ದು 1834ರಲ್ಲಿ, ದತ್ತಕ ಒಪ್ಪದೆ ಸಂಸ್ಥಾನಗಳನ್ನು ಸೇರಿಸಿಕೊಳ್ಳುವ ನೀತಿಗೆ ಹೆಸರಾದ ಗವರ್ನರ್ ಜನರಲ್ ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ. ನಿಯಮ ಇಲ್ಲದ ಕಡೆ ಸ್ಥಳದಲ್ಲಿದ್ದ ಅಧಿಕಾರಿಯ ಸ್ವಭಾವವೇ ನೀತಿಯಾಗುತ್ತದೆ, ಧಾರವಾಡದಲ್ಲಿ ಆದದ್ದು ಅದೇ. ಥ್ಯಾಕರೆ ಸತ್ತ ಮೇಲಂತೂ ಮೆದು ಧೋರಣೆಯ ಪರ ಮಾತಾಡಲು ಯಾರಿಗೂ ಬಾಯಿ ಉಳಿಯಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಬರ್ಮಾ ಯುದ್ಧ ಶುರುವಾಗಿತ್ತು. ನವೆಂಬರಿನಲ್ಲಿ ಕಲ್ಕತ್ತೆಯ ಹತ್ತಿರದ ಬ್ಯಾರಕ್‌ಪುರದಲ್ಲಿ ಸಿಪಾಯಿಗಳು ಬರ್ಮಾಕ್ಕೆ ಹೊರಡಲು ಒಪ್ಪದೆ ನಿಂತಾಗ ಅವರ ಮೇಲೆ ತೋಪು ಹಾರಿಸಲಾಯಿತು. ತನ್ನ ಸೈನ್ಯದೊಳಗೇ ಅಸಮಾಧಾನ ಹೊಗೆಯಾಡುತ್ತಿದ್ದ ಆಡಳಿತಕ್ಕೆ, ಒಂದು ಸಣ್ಣ ದೇಸಗತಿ ಕಲೆಕ್ಟರನನ್ನು ಕೊಂದೂ ಉಳಿಯಿತು ಎಂಬ ಸುದ್ದಿ ಹರಡುವುದು ಬೇಕಿರಲಿಲ್ಲ. ಸೊಲ್ಲಾಪುರ, ಮೈಸೂರು ಕಡೆಗಳಿಂದಲೂ ದಂಡು ತರಿಸಿ ಕಿತ್ತೂರಿನ ಮೇಲೆ ಅಷ್ಟು ದೊಡ್ಡ ಬಲ ಸೇರಿಸಿದ್ದಕ್ಕೆ ಈ ಅಂಜಿಕೆಯೂ ಒಂದು ಕಾರಣವೆಂದು ಭಾವಿಸಲು ಅವಕಾಶವಿದೆ.

ಡಿಸೆಂಬರ್ 5ರಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಕೋಟೆ ಬಿದ್ದ ಬಗೆಯನ್ನು ಹೇಳುವಾಗ ಈ ಭಾಗದ ಹಿರಿಯರು ಇಂದಿಗೂ ಒಂದು ಮಾತು ಹೇಳುತ್ತಾರೆ: ಒಳಗಿನವರೇ ತೋಪಿನ ಮದ್ದಿನಲ್ಲಿ ಸಗಣಿ ಬೆರೆಸಿದ್ದರು, ಹೊತ್ತಿಗೆ ಮದ್ದು ಹೊತ್ತಲಿಲ್ಲ. ಗಮನಿಸಬೇಕಾದ ವಿಷಯವೆಂದರೆ, ಮೂವತ್ತನಾಲ್ಕು ವರ್ಷಗಳ ನಂತರ ನಡೆದ ನರಗುಂದದ ಬಂಡಾಯದ ಬಗ್ಗೆಯೂ ಇದೇ ತೆರನ ಕಥೆ ಇದೆ. ಅಲ್ಲಿ ಮದ್ದಿಗೆ ಹುರಿದ ಕಾಳು ಬೆರೆಸಿದರು ಎನ್ನುತ್ತಾರೆ. ಎರಡು ಬೇರೆ ಕೋಟೆಗಳ ಸೋಲಿಗೆ ಒಂದೇ ಕಾರಣ ಅಂಟಿಕೊಂಡಿದೆ ಎಂದರೆ, ಅದು ಆ ಸೋಲುಗಳಿಗಿಂತ ಹೆಚ್ಚಾಗಿ ಸೋತವರ ಮನಸ್ಸಿನ ಬಗ್ಗೆ ತಿಳಿಸುತ್ತದೆ. ನಮ್ಮ ಶೂರರು ಸೋಲಲಿಲ್ಲ, ಅವರನ್ನು ಸೋಲಿಸಲಾಯಿತು ಎಂಬ ನೆಮ್ಮದಿಯನ್ನು ಈ ಕಥೆ ಕೊಡುತ್ತದೆ. ಆ ನೆಮ್ಮದಿ ನಿರಪಾಯಕಾರಿಯಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ, ಸೈನ್ಯ ರಣದಲ್ಲಿ ಸೋಲಲಿಲ್ಲ, ಒಳಗಿನವರು ಬೆನ್ನಿಗೆ ಇರಿದರು ಎಂಬ ಮಾತನ್ನು ಸೇನಾನಿ ಹಿಂಡೆನ್‌ಬರ್ಗ್ 1919ರ ನವೆಂಬರಿನಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆಯೇ ಆಡಿದನು. ಆ ಸುಳ್ಳನ್ನು ಮುಂದೆ ಯಹೂದಿಗಳ ಮೇಲೂ ಸಮಾಜವಾದಿಗಳ ಮೇಲೂ ದ್ವೇಷ ಕಟ್ಟಲು ಬಳಸಿಕೊಂಡರು. ಕಿತ್ತೂರಿನ ಕಥೆ ಅಂಥ ಘೋರಕ್ಕೆ ಹೋಗಲಿಲ್ಲವೆಂಬುದು ಸಮಾಧಾನದ ವಿಷಯ. ಆದರೂ ದ್ರೋಹಿಯ ಹೆಸರು ಹೇಳುವಾಗ ಅವನ ಜಾತಿಯನ್ನೂ ಸೇರಿಸಿ ಹೇಳುವ ಕೆಟ್ಟ ಚಾಳಿ ಹಳ್ಳಿಯ ಕಟ್ಟೆಗಳಿಂದ ಪೂರ್ತಿ ಹೋಗಿಲ್ಲ, ಅದನ್ನು ಸಹಿಸಿಕೊಂಡು ಸುಮ್ಮನಿರುವುದು ತಪ್ಪು.

ಒಳಬಿರುಕಿನ ನಿಜವಾದ ಬೇರು ಯಾವುದೆಂಬುದು ಸಂಗೊಳ್ಳಿ ರಾಯಣ್ಣನ ಹೋರಾಟದಲ್ಲಿ ಬಯಲಾಗುತ್ತದೆ. ರಾಯಣ್ಣ ಶೇತಸನದಿಯಾಗಿದ್ದನು, ಅಂದರೆ ಸಂಬಳದ ಬದಲು ಭೂಮಿ ಪಡೆದು, ಕರೆ ಬಂದಾಗ ಆಯುಧ ಹಿಡಿದು ಬರುವ ಊರ ಬಂಟ. ಕಂಪನಿಯ ಕಂದಾಯ ವ್ಯವಸ್ಥೆಯಲ್ಲಿ ಇಂಥ ಸೇವಾಭೂಮಿ ಕಸಿಯತೊಡಗಿದಾಗ, ಉಳಿದದ್ದರ ಮೇಲೆ ಹೊಸ ತೆರಿಗೆ ಬಿದ್ದಾಗ, ಈ ಬಂಟರಿಗೆ ಕಿತ್ತೂರಿನ ಗದ್ದುಗೆ ಮತ್ತೆ ನಿಲ್ಲುವುದು ಹೊಟ್ಟೆಪಾಡಿನ ಪ್ರಶ್ನೆಯೂ ಆಯಿತು. 1829-30ರಲ್ಲಿ ರಾಯಣ್ಣನ ಪಡೆ ದತ್ತುಮಗನ ಹೆಸರೆತ್ತಿ ಬಂಡೆದ್ದು ಸರ್ಕಾರಿ ಕಚೇರಿಗಳ ಮೇಲೆ ಬಿದ್ದಿತು, ಕಂದಾಯದ ದಫ್ತರ ಸುಟ್ಟಿತು. ಆದರೆ ಅದೇ ದಫ್ತರದ ಬಲದಿಂದ ಊರಿನಲ್ಲಿ ಹಿಡಿತ ಪಡೆದಿದ್ದ ಗೌಡ, ಕುಲಕರ್ಣಿಗಳ ಪಾಲಿಗೆ ಇದು ಬೇರೆಯೇ ಯುದ್ಧವಾಗಿತ್ತು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಇವರ ನೆರವಿನಿಂದ, ಹಳ್ಳದಲ್ಲಿ ಸ್ನಾನಕ್ಕಿಳಿದಾಗ ರಾಯಣ್ಣನನ್ನು ಹಿಡಿಯಲಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1956ರಲ್ಲಿ ಬರೆದ ಒಂದು ಮಾತು ಇಲ್ಲಿ ನೆನಪಾಗುವಂಥದು: ಹೊರಗಿನ ಯುದ್ಧ ಒಳಗಿನವರನ್ನು ಒಂದುಗೂಡಿಸುತ್ತದೆ ಎಂಬ ನಂಬಿಕೆ ನಿಜವಾಗಬೇಕಾದರೆ, ತಾವೆಲ್ಲ ಒಂದೇ ಎಂಬ ಭಾವನೆ ಯುದ್ಧಕ್ಕೆ ಮೊದಲೇ ಅಲ್ಲಿ ಇರಬೇಕು, ಇಲ್ಲದಿದ್ದರೆ ಯುದ್ಧ ಇದ್ದ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಭೂಮಿ ಕಳೆದುಕೊಂಡ ಬಂಟನಿಗೂ ಭೂಮಿಯ ಲೆಕ್ಕ ಇಟ್ಟವನಿಗೂ ಕಿತ್ತೂರು ಒಂದೇ ಆಗಿ ಕಾಣಿಸಿರಲಿಲ್ಲ. ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತ ತಾಯಂದಿರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣ ಯಾರವನು ಎಂಬುದನ್ನು ಆ ತೊಟ್ಟಿಲುಗಳು ಹೇಳುತ್ತವೆ.

ನರಗುಂದದಲ್ಲಿ ಬಿರುಕು ಒಂದೇ ಮನೆಯೊಳಗೆ ಹಾದುಹೋಗಿತ್ತು. ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ಅಲ್ಲಿನ ಅರಸು ಬಾಬಾಸಾಹೇಬ ಭಾವೆ 1858ರ ಮೇ ತಿಂಗಳಲ್ಲಿ ಬಂಡೆದ್ದನು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಕೊಲ್ಲಿಸಿ ಅವನ ರುಂಡವನ್ನು ಕೋಟೆಯ ಬಾಗಿಲಿಗೆ ಕಟ್ಟಿಸಿದನು. ಕೆಲವೇ ಮೈಲಿ ದೂರದ ರಾಮದುರ್ಗದ ಅರಸು ಅವನ ಮಲಸಹೋದರ. ಆತ ಕಂಪನಿಯ ಪಕ್ಷದಲ್ಲೇ ಉಳಿದನು. ಅದೇ ಹೊತ್ತಿಗೆ ಬಂಡೆದ್ದಿದ್ದ ಮುಂಡರಗಿ ಭೀಮರಾಯ ಜೂನ್ 1ರಂದು ಕೊಪ್ಪಳ ಕೋಟೆಯಲ್ಲಿ ಮಡಿದನು, ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು, ನರಗುಂದ ಸಂಸ್ಥಾನ ಅಳಿಯಿತು; ರಾಮದುರ್ಗ ಸಂಸ್ಥಾನ 1948ರವರೆಗೆ ಬಾಳಿತು. ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಸಿನ ಕಾರ್ಕೈರಾ ಎಂಬ ದ್ವೀಪರಾಜ್ಯದಲ್ಲಿ ಜನಪಕ್ಷದವರು ಅಥೆನ್ಸನ್ನೂ ಸಿರಿವಂತರ ಪಕ್ಷದವರು ಸ್ಪಾರ್ಟಾವನ್ನೂ ನೆರವಿಗೆ ಕರೆದು ಊರೇ ರಕ್ತದಲ್ಲಿ ಮುಳುಗಿದ ಬಗೆಯನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಹೊರಗಿನ ದೊಡ್ಡ ಶಕ್ತಿಯೊಂದು ಪಕ್ಕದಲ್ಲೇ ಇರುವಾಗ ಒಳಗಿನ ಸಣ್ಣ ಜಗಳವೂ ಸಣ್ಣದಾಗಿ ಉಳಿಯುವುದಿಲ್ಲ. ದಾಯಾದಿ ಮತ್ಸರಕ್ಕೆ ತೋಪು ಸಿಕ್ಕಂತಾಗುತ್ತದೆ.

ಇದು ಅರಸೊತ್ತಿಗೆಗಳ ಕಾಲಕ್ಕೆ ಮುಗಿದುಹೋದ ವಿಷಯವೂ ಅಲ್ಲ. 1970ರ ಡಿಸೆಂಬರಿನ ಚುನಾವಣೆಯಲ್ಲಿ ಪಾಕಿಸ್ತಾನದ ರಾಷ್ಟ್ರೀಯ ಸಭೆಗೆ ಪೂರ್ವ ಭಾಗದ ಬಂಗಾಳಿಗಳ ಪಕ್ಷವಾದ ಅವಾಮಿ ಲೀಗ್ ಸ್ಪಷ್ಟ ಬಹುಮತ ಪಡೆದರೂ, ಬಂಗಾಳಿಗಳಿಗೆ ಅಧಿಕಾರ ಬಿಟ್ಟುಕೊಡಲು ಪಶ್ಚಿಮದ ಸೇನೆ ಮತ್ತು ರಾಜಕಾರಣಿಗಳು ಒಪ್ಪಲಿಲ್ಲ. 1971ರ ಮಾರ್ಚ್ 25ರಂದು ಸೇನೆ ತನ್ನದೇ ಪ್ರಜೆಗಳ ಮೇಲೆ ಬಿದ್ದಿತು, ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಯಿತು. ಅಲ್ಲಿ ಮದ್ದಿಗೆ ಸಗಣಿ ಬೆರೆಸಿದವರು ಯಾರೂ ಇರಲಿಲ್ಲ. ದೇಶದ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಸರ್ಕಾರ ತಮ್ಮದೆನಿಸಲಿಲ್ಲ, ಸೋಲಿಗೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಾಗಲಿಲ್ಲ.

ಕಿತ್ತೂರಿನ ವಿಷಯದಲ್ಲಿ ಮುಂದಿನ ಕೆಲಸ ಬೇಕಾದಷ್ಟಿದೆ. ಯಾವ ಬಣದವನಿಗೆ ಯಾವ ಊರು ಇನಾಮಾಗಿತ್ತು, 1824ರ ಮೊದಲು ಯಾರ ಸನದಿ ಹೋಯಿತು, 1831ರ ನಂತರ ಯಾರಿಗೆ ಹೊಸ ಸನದಿ ಬಂದಿತು ಎಂಬುದು ತಿಳಿದರೆ ದ್ರೋಹ, ನಿಷ್ಠೆ ಎಂಬ ಮಾತುಗಳ ಹಿಂದಿನ ಬದುಕು ಕಾಣುತ್ತದೆ. ಸೆರೆಯಾಳಾಗಿದ್ದ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯಲ್ಲಿ ಊರೂರಿನ ನೂರಾರು ಶಿಲಾಶಾಸನಗಳನ್ನು ನಕಲು ಮಾಡಿಸಿ ಚಾಲುಕ್ಯರ ಇತಿಹಾಸ ಕಟ್ಟಲು ಸಾಮಗ್ರಿ ಒದಗಿಸಿದನು, ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. ಆದರೆ ಧಾರವಾಡ, ಬೆಳಗಾವಿ ಜಿಲ್ಲೆಗಳ ವಾಡೆಗಳ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಮೋಡಿ ಲಿಪಿಯ ಸನದು, ಕಡತ, ಲೆಕ್ಕದ ಕಾಗದಗಳನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಗೆದ್ದಲು ಮಾತ್ರ ತನ್ನ ಕೆಲಸ ನಿಲ್ಲಿಸಿಲ್ಲ. ಅಂಥ ಕಾಗದ ಮನೆಯಲ್ಲಿರುವವರು, ತಮ್ಮ ಪೂರ್ವಜರು ಯಾವ ಪಕ್ಷದಲ್ಲಿದ್ದರು ಎಂಬ ಸಂಕೋಚ ಬಿಟ್ಟು, ಅವುಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ತಮಗೆ ನಂಬಿಕೆಯಿರುವ ಬೇರೆ ಸಂಶೋಧನ ಕೇಂದ್ರದಲ್ಲೋ ತೋರಿಸಿ, ಕನಿಷ್ಠ ನಕಲು ಮಾಡಿಕೊಳ್ಳಲಾದರೂ ಅವಕಾಶ ಕೊಡಬೇಕು. ಮೂಲ ಕಾಗದ ಮನೆಯಲ್ಲೇ ಉಳಿಯಲಿ. ಓದು ಊರಿಗೆಲ್ಲ ಸಿಗಲಿ.